ಮೇಲ್ಮನವಿಯ ಮೆಟ್ಟಿಲು ಯಾರಿಗೆ ಎಟಕುತ್ತದೆ?

ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ 2015ರಲ್ಲಿ ಇಡೀ ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದರ ಹಿಂದಿನ ವರ್ಷ ಅಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರಾಗಿ ಪರಿಶಿಷ್ಟ ಜಾತಿಗೆ ಸೇರಿದ ಮಹಿಳೆಯೊಬ್ಬರು ಕೆಲಸಕ್ಕೆ ಸೇರಿದ್ದರು. ಆ ಬಳಿಕ ಶಾಲೆಯಲ್ಲಿದ್ದ 118 ಮಕ್ಕಳ ಪೈಕಿ 100 ಮಂದಿ ಶಾಲೆ ಬಿಟ್ಟರೆಂದು ವರದಿಯಾಯಿತು. ಪೋಷಕರು ವರ್ಗಾವಣೆ ಪತ್ರ ಪಡೆದು ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸಿದ್ದರು. ಉಳಿದ ಬೆರಳೆಣಿಕೆಯ ಮಕ್ಕಳಿಗಾಗಿ ಆ ಶಾಲೆ ನಡೆಯುವುದೇ ಅನುಮಾನವೆಂಬ ಸ್ಥಿತಿ ಬಂದಿತ್ತು.

ಕಾನೂನು ಆ ಮಹಿಳೆಯ ಪರವಾಗಿಯೇ ಇತ್ತು. ಬಿಸಿಯೂಟದ ಅಡುಗೆಯವರು ಮತ್ತು ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಆದ್ಯತೆ ನೀಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದೇ ಆದೇಶಿಸಿತ್ತು. ಹೀಗಿದ್ದೂ ಆಕೆಯಂತಹ ಒಬ್ಬ ಕೆಲಸಗಾರ್ತಿ ನ್ಯಾಯ ಕೇಳಲು ಹೊರಟರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಯೋಚಿಸಿ ನೋಡೋಣ. ದೂರು ಯಾರ ಮೇಲೆ? ಮಗುವನ್ನು ಒಂದು ಶಾಲೆಯಿಂದ ಬಿಡಿಸಿ ಇನ್ನೊಂದಕ್ಕೆ ಸೇರಿಸುವುದು ಅಪರಾಧವಲ್ಲ. ಮುಖ್ಯೋಪಾಧ್ಯಾಯರು ಆಕೆಯನ್ನು ಕೆಲಸದಿಂದ ತೆಗೆದಿಲ್ಲ, ಇಲಾಖೆ ಗೌರವಧನ ನಿಲ್ಲಿಸಿಲ್ಲ, ಜಾತಿ ಹಿಡಿದು ಬೈದವರೂ ಇಲ್ಲದಿರಬಹುದು. ಮಾಡಿದ ಅಡುಗೆಯನ್ನು ಉಣ್ಣುವವರಿಲ್ಲ ಎಂಬುದೊಂದೇ ಸತ್ಯ. ಅದು ಊರಿಗೆಲ್ಲ ಗೊತ್ತಿರುವ ಸತ್ಯವಾದರೂ ನ್ಯಾಯಾಲಯ ಕೇಳುವ ಅರ್ಥದಲ್ಲಿ ಸಾಕ್ಷ್ಯವಾಗುವುದು ಕಷ್ಟ. ಇಂತಹ ದೂರು ಮೊದಲ ಹಂತದಲ್ಲೇ ಬಿದ್ದುಹೋದರೆ ಆಶ್ಚರ್ಯಪಡಬೇಕಾಗಿಲ್ಲ. ಆಶ್ಚರ್ಯಪಡಬೇಕಾದದ್ದು, ಬಿದ್ದ ದೂರನ್ನು ಎತ್ತಿ ಮೇಲಿನ ನ್ಯಾಯಾಲಯಕ್ಕೆ ಒಯ್ಯುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ನಾವು ಇದುವರೆಗೆ ಗಂಭೀರವಾಗಿ ಕೇಳಿಕೊಳ್ಳದೇ ಇರುವುದಕ್ಕೆ.

ಕೋಲಾರ ಜಿಲ್ಲೆಗೆ ಈ ಪ್ರಶ್ನೆ ದೂರದ್ದಲ್ಲ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಸುಮಾರು ಶೇಕಡಾ 30. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಬೇಸಾಯ ನಂಬಿ ಬದುಕುವುದು ಕಷ್ಟವಾದ ಮೇಲೆ ಇಲ್ಲಿನ ತರುಣ ತರುಣಿಯರು ಗುಂಪುಗುಂಪಾಗಿ ಕೂಲಿಯಿಂದ ಸಂಬಳದತ್ತ ಹೊರಟಿದ್ದಾರೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಕಾರ್ಮಿಕರು ಹೋಗುತ್ತಾರೆ. ಮಾಲೂರು, ಟೇಕಲ್ ನಿಲ್ದಾಣಗಳಿಂದ ಮುಂಜಾನೆಯ ರೈಲು ಹಿಡಿದು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮನೆಗೆಲಸಕ್ಕೆ, ಕಟ್ಟಡ ಕೆಲಸಕ್ಕೆ, ಕಚೇರಿಗಳ ಸ್ವಚ್ಛತಾ ಕೆಲಸಕ್ಕೆ ಹೋಗುವವರೂ ಇದ್ದಾರೆ. ಜಾತಿ ಇರುವುದು ಊರಿನ ಗುಡಿಯಲ್ಲಿ, ಬಾವಿಕಟ್ಟೆಯಲ್ಲಿ. ಯಂತ್ರದ ಮುಂದೆ ನಿಂತವನಿಗೆ ಜಾತಿಯಿಲ್ಲ ಎಂಬುದು ನಗರದ ವಿದ್ಯಾವಂತರ ಅಚ್ಚುಮೆಚ್ಚಿನ ನಂಬಿಕೆ. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ದೇವರ ಗುಜ್ಜುಕೋಲನ್ನು ಮುಟ್ಟಿದ ದಲಿತ ಬಾಲಕನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದ ಸುದ್ದಿ ಓದಿ ನಾವು ಬೇಸರಪಟ್ಟುಕೊಂಡೆವು. ಆದರೆ ದಂಡ ಹಾಕುವ ಊರಿನವರೂ ದಂಡ ತೆರುವ ಮನೆಯವರೂ ಮರುದಿನ ಬೆಳಿಗ್ಗೆ ಒಂದೇ ಕಾರ್ಖಾನೆಯ ಬಸ್ಸು ಹತ್ತಬಹುದು, ಒಬ್ಬರು ಇನ್ನೊಬ್ಬರ ಮೇಲ್ವಿಚಾರಕರಾಗಿರಬಹುದು ಎಂಬ ಕಡೆಗೆ ಯೋಚನೆ ಹರಿಯಲಿಲ್ಲ.

ಕೆಲಸದ ಜಾಗದಲ್ಲಿ ಹುಟ್ಟನ್ನು ನೋಡಿ ಮನುಷ್ಯರನ್ನು ವಿಂಗಡಿಸುವುದು ಈ ಜಿಲ್ಲೆಗೆ ಹೊಸದೂ ಅಲ್ಲ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಬೆಳೆದ ಕೋಲಾರ ಚಿನ್ನದ ಗಣಿಯಲ್ಲಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು, ಭಾರತೀಯ ಕೂಲಿಗಳು ಎಂಬ ಶ್ರೇಣಿಗಳಿದ್ದವು. ಬಂಗಲೆ, ಕ್ಲಬ್ಬು ಒಂದು ಕಡೆ. ಇಕ್ಕಟ್ಟಾದ ಕೂಲಿ ಲೈನುಗಳು ಇನ್ನೊಂದು ಕಡೆ. ಭೂಗರ್ಭಕ್ಕೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು ಮುಂತಾದ ಕಡೆಗಳಿಂದ ಬಂದ ತಮಿಳು ದಲಿತರು. ಅಲ್ಲಿ ಜನಾಂಗಭೇದವೂ ಜಾತಿಭೇದವೂ ಒಂದೇ ಏಣಿಯ ಮೆಟ್ಟಿಲುಗಳಾಗಿದ್ದವು. 1930ರಲ್ಲಿ ಸಾವಿರಾರು ಕಾರ್ಮಿಕರು ಬೆರಳಚ್ಚು ನೋಂದಣಿಯ ವಿರುದ್ಧ ಮುಷ್ಕರ ಹೂಡಿದ್ದು ಹೊಟ್ಟೆಪಾಡಿನ ಜಗಳವಾಗಿರಲಿಲ್ಲ. ತಮ್ಮನ್ನು ಕಳ್ಳರ ಹಾಗೆ ಕಾಣುವ ವ್ಯವಸ್ಥೆಗೆ ಅವರು ತೋರಿದ ಪ್ರತಿರೋಧ ಅದು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಷ್ಟು ಕಾಲವೂ ಭೇದದ ವಿರುದ್ಧ ಅಲ್ಲಿನ ಕಾರ್ಮಿಕನ ಕೈಯಲ್ಲಿದ್ದ ನಿಜವಾದ ಆಯುಧ ಸಂಘಟನೆ ಮತ್ತು ಮುಷ್ಕರ. ಗುತ್ತಿಗೆ ಏಜೆನ್ಸಿಗಳ ಮೂಲಕ ತಿಂಗಳಿಗೊಬ್ಬರಂತೆ ಬಂದುಹೋಗುವ ಇಂದಿನ ಕೆಲಸಗಾರರಿಗೆ ಆ ಆಯುಧವೂ ಇಲ್ಲ. ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ದಾಂಧಲೆ ವೇತನದ ಕಾರಣಕ್ಕೆ ಆದದ್ದು, ಜಾತಿಯ ಕಾರಣಕ್ಕಲ್ಲ. ಆದರೂ ಅದು ಒಂದು ವಿಷಯವನ್ನು ಎತ್ತಿ ತೋರಿಸಿತು. ಗುತ್ತಿಗೆ ಕಾರ್ಮಿಕನಿಗೆ ತನ್ನ ಮಾಲೀಕ ಯಾರು, ದೂರು ಹೇಳಬೇಕಾದದ್ದು ಯಾರಿಗೆ ಎಂಬುದೇ ಸ್ಪಷ್ಟವಿರುವುದಿಲ್ಲ.

ಇನ್ನು ಕಾನೂನಿನ ಮಾತು. ಸಂವಿಧಾನದ 15 ಮತ್ತು 16ನೇ ವಿಧಿಗಳು ಉದ್ಯೋಗದ ಮಟ್ಟಿಗೆ ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ. ಖಾಸಗಿ ಮಾಲೀಕನನ್ನೂ ಮುಟ್ಟುವುದು ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆಯನ್ನು ತೆರೆದು ನೋಡಿದರೆ, ಅದರ 3ನೇ ಕಲಂ ವೇತನದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುತ್ತದೆ. ಜಾತಿಯ ಹೆಸರೇ ಅಲ್ಲಿಲ್ಲ. ಕೈಗಾರಿಕಾ ಸಂಬಂಧಗಳ ಸಂಹಿತೆಯ ಮೂಲಕ ವಜಾ ಪ್ರಶ್ನಿಸಲು ದಾರಿಯಿದೆ. ಆದರೆ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕ ಅದರ ‘ಕಾರ್ಮಿಕ’ ವ್ಯಾಖ್ಯೆಯಿಂದ ಹೊರಗೆ. ಬಿಸಿಯೂಟದ ಅಡುಗೆಯವರಂತಹವರ ಪಾಡು ಇನ್ನೂ ವಿಚಿತ್ರ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಗೌರವದ ಹೆಸರಿನಲ್ಲಿ ಹಕ್ಕನ್ನು ಕಳೆಯುವ ಈ ಪದವನ್ನು ಕಂಡುಹಿಡಿದವರ ಜಾಣ್ಮೆಯನ್ನು ಮೆಚ್ಚಬೇಕು. ಅಂಗನವಾಡಿ ಕಾರ್ಯಕರ್ತೆಯರು ನಾಗರಿಕ ಹುದ್ದೆ ಹೊಂದಿದವರಲ್ಲ, ಆದ್ದರಿಂದ ಅವರ ಅರ್ಜಿಯನ್ನು ಆಡಳಿತ ನ್ಯಾಯಮಂಡಳಿ ವಿಚಾರಿಸುವಂತಿಲ್ಲ ಎಂದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ ಹೇಳಿತ್ತು. ಮುಂದೆ 2022ರ ಏಪ್ರಿಲ್‌ನಲ್ಲಿ ಗುಜರಾತಿನ ಅಂಗನವಾಡಿ ನೌಕರರು ಮೇಲ್ಮನವಿ ಹಿಡಿದು ಅಲ್ಲಿಯವರೆಗೂ ಹೋದಾಗ, ಅವರು ಗ್ರಾಚ್ಯುಟಿಗೆ ಅರ್ಹರೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಕೆಳಗೆ ಸೋತವರು ಮೇಲೆ ಹೋದದ್ದರಿಂದಲೇ ಆ ಬಾಗಿಲು ಒಂದಿಷ್ಟು ತೆರೆಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಹೀಗೆ ಕಾರ್ಮಿಕ ಕಾನೂನಿನಲ್ಲಿ ನೆಲೆ ಸಿಗದವರಿಗೆ ಉಳಿಯುವುದು ಎರಡು ದಂಡ ಕಾನೂನುಗಳು: 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ದೌರ್ಜನ್ಯ ತಡೆ ಕಾಯ್ದೆ. ಮೊದಲನೆಯದು ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ವೃತ್ತಿ, ವ್ಯಾಪಾರ, ಉದ್ಯೋಗಕ್ಕೆ ಅಡ್ಡಿಪಡಿಸುವುದನ್ನು ಶಿಕ್ಷಾರ್ಹವಾಗಿಸಿದೆ. ಎರಡನೆಯದಕ್ಕೆ 2015ರ ತಿದ್ದುಪಡಿ ಇಂಥದೇ ಉಪಬಂಧವನ್ನು ಸೇರಿಸಿತು. ಆದರೆ ದೂರುಗಳಲ್ಲಿ ಬಹುತೇಕ ಬಳಕೆಯಾಗುವುದು ಇವಲ್ಲ. ಜಾತಿ ಹೆಸರೆತ್ತಿ ನಿಂದಿಸಿದ, ಅವಮಾನಿಸಿದ ಕಲಂಗಳು. ಅಲ್ಲಿ ‘ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳ’ ಎಂಬ ಷರತ್ತಿದೆ. ತಮಿಳುನಾಡಿನ ಕಂದಾಯ ನಿರೀಕ್ಷಕರೊಬ್ಬರನ್ನು ಅವರ ಕಚೇರಿಯಲ್ಲೇ ಜಾತಿ ಹಿಡಿದು ಬೈದರೆಂಬ ಪ್ರಕರಣವನ್ನು ಸುಪ್ರೀಂ ಕೋರ್ಟ್ 2025ರ ಜನವರಿ 31ರಂದು ರದ್ದುಪಡಿಸಿತು. ಘಟನೆ ನಡೆದದ್ದು ಕೊಠಡಿಯ ನಾಲ್ಕು ಗೋಡೆಗಳ ನಡುವೆ, ಸಹೋದ್ಯೋಗಿಗಳು ಒಳಬಂದದ್ದು ಆಮೇಲೆ. ಆದ್ದರಿಂದ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳವಲ್ಲ ಎಂಬುದು ಅದರ ತರ್ಕ. ಕಾಯ್ದೆಯ ಅಕ್ಷರಕ್ಕೆ ಈ ಓದು ಹೊಂದುತ್ತದೆ, ನಿಜ. ಆದರೆ ಉದ್ಯೋಗದ ಜಾಗದಲ್ಲಿ ಅವಮಾನ ನಡೆಯುವುದೇ ಮ್ಯಾನೇಜರನ ಕ್ಯಾಬಿನ್ನಿನಲ್ಲಿ, ಸ್ಟೋರ್ ರೂಮಿನಲ್ಲಿ, ಅಡುಗೆಮನೆಯಲ್ಲಿ. ಬೀದಿಜಗಳಕ್ಕೆ ಅಳತೆ ತೆಗೆದು ಹೊಲಿದ ಅಂಗಿಯನ್ನು ಕಾರ್ಖಾನೆಯ ಮೈಗೆ ತೊಡಿಸಿದಂತಾಗಿದೆ ನಮ್ಮ ಕಾನೂನು.

ದೌರ್ಜನ್ಯ ತಡೆ ಕಾಯ್ದೆ ದುರ್ಬಳಕೆಯಾಗುತ್ತಿದೆ ಎಂಬ ವಾದವನ್ನು ಮಧ್ಯಮ ವರ್ಗದ ಮನೆಗಳ ಹಜಾರಗಳಲ್ಲಿ ಕೇಳದವರಿಲ್ಲ. ಈ ವಾದಕ್ಕೆ ಬಲ ತಂದುಕೊಟ್ಟ 2018ರ ಮಾರ್ಚ್ 20ರ ಸುಪ್ರೀಂ ಕೋರ್ಟ್ ತೀರ್ಪಿನ ಮೂಲದಲ್ಲಿದ್ದುದು ಉದ್ಯೋಗದ ಜಾಗದ ಒಂದು ದೂರು ಎಂಬುದು ಎಷ್ಟು ಜನಕ್ಕೆ ನೆನಪಿದೆಯೋ ತಿಳಿಯದು. ಮಹಾರಾಷ್ಟ್ರದ ಕರಾಡದಲ್ಲಿ ಸರ್ಕಾರಿ ಫಾರ್ಮಸಿ ಕಾಲೇಜಿನ ಪರಿಶಿಷ್ಟ ಜಾತಿಯ ನೌಕರರೊಬ್ಬರ ವಾರ್ಷಿಕ ಗೋಪ್ಯ ವರದಿಯಲ್ಲಿ ಮೇಲಧಿಕಾರಿಗಳು ಪ್ರತಿಕೂಲ ಷರಾ ಬರೆದದ್ದು ಆ ಪ್ರಕರಣದ ಮೂಲ. ನ್ಯಾಯಾಲಯ ಅದನ್ನು ರದ್ದುಪಡಿಸಿದ್ದಲ್ಲದೆ, ಇಡೀ ದೇಶಕ್ಕೆ ಅನ್ವಯಿಸುವಂತೆ ಪ್ರಾಥಮಿಕ ತನಿಖೆ, ಬಂಧನಕ್ಕೆ ಪೂರ್ವಾನುಮತಿ ಮುಂತಾದ ನಿರ್ಬಂಧಗಳನ್ನು ಹಾಕಿತು. ಏಪ್ರಿಲ್ 2ರಂದು ಭಾರತ ಬಂದ್ ನಡೆಯಿತು, ಜೀವಗಳು ಹೋದವು. ಅದೇ ಆಗಸ್ಟ್‌ನಲ್ಲಿ ಸಂಸತ್ತು 18ಎ ಕಲಂ ಸೇರಿಸಿತು. 2019ರ ಅಕ್ಟೋಬರ್ 1ರಂದು ನ್ಯಾಯಾಲಯವೇ ಮರುಪರಿಶೀಲನೆಯಲ್ಲಿ ತನ್ನ ಆ ನಿರ್ದೇಶನಗಳನ್ನು ಹಿಂತೆಗೆದುಕೊಂಡಿತು. 2020ರ ಫೆಬ್ರುವರಿಯಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸುಳ್ಳು ದೂರುಗಳಿಲ್ಲವೆಂದು ಯಾರೂ ಹೇಳುವುದಿಲ್ಲ. ಅವು ಇಲ್ಲದ ಕಾನೂನು ಯಾವುದಿದೆ? ಆದರೆ ಸಾಬೀತಾಗದ ದೂರೆಲ್ಲ ಸುಳ್ಳು ದೂರು ಎಂದು ಎಣಿಸುವುದು ಬೇರೆಯೇ ಮಾತು. ಖುಲಾಸೆಯ ಅಂಕಿಗಳನ್ನು ಮುಂದಿಟ್ಟು ದುರ್ಬಳಕೆಯ ತೀರ್ಮಾನಕ್ಕೆ ಬರುವವರು, ಆ ಖುಲಾಸೆಗಳು ಮೇಲಿನ ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಳಗಾಗಿದ್ದವೇ ಎಂದು ಕೇಳುವುದಿಲ್ಲ.

ಈ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಕೋಲಾರದ ಹತ್ತಿರದಲ್ಲೇ ಒಂದು ಉದಾಹರಣೆಯಿದೆ. ಅದು ಉದ್ಯೋಗದ ಪ್ರಕರಣವಲ್ಲ. ಅದಕ್ಕಿಂತ ಎಷ್ಟೋ ಘೋರವಾದದ್ದು. 2000ದ ಮಾರ್ಚ್ 11ರಂದು ಆಗ ಕೋಲಾರ ಜಿಲ್ಲೆಯಲ್ಲಿದ್ದ, ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲರಾದರು. 2006ರ ಡಿಸೆಂಬರಿನಲ್ಲಿ ಕೋಲಾರದ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2014ರ ಆಗಸ್ಟ್‌ನಲ್ಲಿ ಹೈಕೋರ್ಟ್ ಖುಲಾಸೆಯನ್ನೇ ಎತ್ತಿಹಿಡಿಯಿತು. ಘಟನೆ ನಡೆದು ಹದಿನಾಲ್ಕು ವರ್ಷ, ಖುಲಾಸೆಯಾಗಿ ಏಳೂವರೆ ವರ್ಷ. ಇಷ್ಟು ದೀರ್ಘ ಕಾಲ ಭಯದಲ್ಲಿ ಬದುಕಿದ ಸಾಕ್ಷಿ ಮೊದಲು ಹೇಳಿದ್ದನ್ನೇ ಕೊನೆಯವರೆಗೂ ಹೇಳಬೇಕೆಂದು ನಿರೀಕ್ಷಿಸುವುದು ಹೇಗೆ? ವಿಚಾರಣಾ ನ್ಯಾಯಾಲಯದಲ್ಲಿ ಕಡತಕ್ಕೆ ಸೇರದಿದ್ದ ಸತ್ಯವನ್ನು ಮೇಲ್ಮನವಿ ಹುಡುಕಿ ತರಲಾರದು. ಇರುವ ಸಾಕ್ಷ್ಯವನ್ನೇ ಅದು ಮತ್ತೆ ತೂಗುತ್ತದೆ. ಏಳು ಜೀವಗಳ ಪ್ರಕರಣದಲ್ಲೇ ಹೀಗಾದರೆ, ಕ್ಯಾಂಟೀನಿನಲ್ಲಿ ಬೇರೆ ಲೋಟ ಇಟ್ಟರೆಂದೋ ಬಡ್ತಿ ತಪ್ಪಿಸಿದರೆಂದೋ ದೂರು ಕೊಡುವವನ ಗತಿ ಏನು? ಅವನ ಜೊತೆಯ ಕೆಲಸಗಾರರು ಅದೇ ಮಾಲೀಕನ ಅನ್ನ ಉಣ್ಣುವವರು. ಸಾಕ್ಷಿ ಹೇಳಿದ ಮರುದಿನವೂ ಅವರು ಅದೇ ಗೇಟಿನ ಒಳಗೆ ಹೋಗಬೇಕು.

ಹಾಗೆಂದು ಮೇಲ್ಮನವಿ ನಿರರ್ಥಕವೆಂದು ಕೈಚೆಲ್ಲುವಂತಿಲ್ಲ. ಅಸ್ಪೃಶ್ಯತೆಯ ಬಗ್ಗೆ ಈ ದೇಶದ ಅತ್ಯಂತ ಮಹತ್ವದ ತೀರ್ಪುಗಳಲ್ಲೊಂದು ಬಂದದ್ದು ಕರ್ನಾಟಕ ಸರ್ಕಾರ ಸಲ್ಲಿಸಿದ ಮೇಲ್ಮನವಿಯಿಂದ. ಹೊಸದಾಗಿ ಕೊರೆದ ಕೊಳವೆಬಾವಿಯಿಂದ ನೀರು ತರಲು ಹೋದ ದಲಿತರನ್ನು ಬಲಪ್ರದರ್ಶನದಿಂದ ತಡೆದ ಪ್ರಕರಣ ಅದು. ವಿಚಾರಣಾ ನ್ಯಾಯಾಲಯ ಶಿಕ್ಷೆ ವಿಧಿಸಿತು, ಸೆಷನ್ಸ್ ನ್ಯಾಯಾಲಯ ಒಪ್ಪಿತು, ಹೈಕೋರ್ಟ್ ಮಾತ್ರ ಸಾಕ್ಷ್ಯವನ್ನು ಮತ್ತೆ ತೂಗಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಶಿಕ್ಷೆಯೂ ದೊಡ್ಡದಲ್ಲ, ಊರೂ ದೊಡ್ಡದಲ್ಲ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1992ರ ಡಿಸೆಂಬರ್ 1ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಕೆ. ರಾಮಸ್ವಾಮಿ ಅವರ ಪೀಠ ಶಿಕ್ಷೆಯನ್ನು ಮತ್ತೆ ಸ್ಥಾಪಿಸಿತು. ಅಸ್ಪೃಶ್ಯತೆಯ ಇತಿಹಾಸವನ್ನೂ ಸಂವಿಧಾನದ ಆಶಯವನ್ನೂ ವಿವರಿಸಿ ರಾಮಸ್ವಾಮಿ ಅವರು ಬರೆದ ಪ್ರತ್ಯೇಕ ಅಭಿಪ್ರಾಯ ಇಂದಿಗೂ ವಕೀಲರ ಕೈಯಲ್ಲಿದೆ. ಒಂದು ಕೊಳವೆಬಾವಿಯ ತಂಟೆ ದೇಶದ ಕಾನೂನಾದದ್ದು, ಮೂರನೇ ನ್ಯಾಯಾಲಯದಲ್ಲಿ ಸೋತ ಮೇಲೂ ನಾಲ್ಕನೆಯದಕ್ಕೆ ಹೋಗಲು ಒಬ್ಬ ಅಧಿಕಾರಿ ಕಡತಕ್ಕೆ ಸಹಿ ಹಾಕಿದ್ದರಿಂದ.

ಹೊರದೇಶದಲ್ಲೂ ಇದಕ್ಕೆ ಹತ್ತಿರದ ನಿದರ್ಶನವಿದೆ. ಬಿಹಾರ ಮೂಲದ ಆದಿವಾಸಿ ಮಹಿಳೆಯೊಬ್ಬರನ್ನು ಭಾರತೀಯ ಮೂಲದ ಕುಟುಂಬವೊಂದು ಇಂಗ್ಲೆಂಡಿನಲ್ಲಿ ಮನೆಗೆಲಸಕ್ಕೆ ಇಟ್ಟುಕೊಂಡಿತ್ತು. ದಿನಕ್ಕೆ ಹದಿನೆಂಟು ಗಂಟೆ ದುಡಿಸಿದ, ಕೀಳಾಗಿ ನಡೆಸಿಕೊಂಡ ದೂರು ಉದ್ಯೋಗ ನ್ಯಾಯಮಂಡಳಿಗೆ ಹೋಯಿತು. ಸಮಾನತಾ ಕಾಯ್ದೆಯ ‘ಜನಾಂಗ’ದ ವ್ಯಾಖ್ಯೆಯೊಳಗೆ ಜಾತಿ ಬರುವುದಿಲ್ಲ, ಆದ್ದರಿಂದ ಆ ಭಾಗವನ್ನು ತಳ್ಳಿಹಾಕಬೇಕು ಎಂದು ಮಾಲೀಕರು ವಾದಿಸಿದರು. ನ್ಯಾಯಮಂಡಳಿ ತಳ್ಳಿಹಾಕಲಿಲ್ಲ, ಮಾಲೀಕರು ಮೇಲ್ಮನವಿ ಹೋದರು. 2010ರ ಆ ಕಾಯ್ದೆಯಲ್ಲಿ ‘ಜನಾಂಗ’ ಎಂಬುದು ಜನಾಂಗೀಯ ಮೂಲವನ್ನೂ ಒಳಗೊಂಡಿರುವುದರಿಂದ, ಅನೇಕ ಸಂದರ್ಭಗಳಲ್ಲಿ ಜಾತಿಯೂ ಅದರೊಳಗೆ ಬರಬಹುದು ಎಂದು ಮೇಲ್ಮನವಿ ನ್ಯಾಯಮಂಡಳಿ 2014ರ ಡಿಸೆಂಬರಿನಲ್ಲಿ ಹೇಳಿತು. ಮರುವರ್ಷ ಆಕೆಗೆ ಬಾಕಿ ವೇತನವಾಗಿ 1,83,774 ಪೌಂಡ್ ನೀಡುವಂತೆ ಆದೇಶವಾಯಿತು. 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿ ಜನಾಂಗವಲ್ಲ, ಅದು ನಮ್ಮ ಮನೆಯ ವಿಷಯ ಎಂದು ಭಾರತ ಸರ್ಕಾರ ಪಟ್ಟುಹಿಡಿದಿತ್ತು. ಶಾಸ್ತ್ರಾರ್ಥದಲ್ಲಿ ಅದು ಸರಿಯೇ ಇರಬಹುದು. ಆದರೆ ನಮ್ಮ ಮನೆಯ ವಿಷಯಕ್ಕೆ ನಮ್ಮ ಮನೆಯಲ್ಲಿ ಇಲ್ಲದ ಮೇಲ್ಮನವಿಯ ವೇದಿಕೆ ಪರದೇಶದ ಮನೆಗೆಲಸದಾಕೆಗೆ ಸಿಕ್ಕಿತಲ್ಲ, ಇದಕ್ಕೇನು ಹೇಳೋಣ?

ಆ ಪ್ರಕರಣದಿಂದ ಕಲಿಯಬೇಕಾದ ಇನ್ನೊಂದು ವಿಷಯ ಸಾಕ್ಷ್ಯದ ಭಾರ. ಬ್ರಿಟನ್ನಿನ ಉದ್ಯೋಗ ತಾರತಮ್ಯದ ಕಾನೂನಿನಲ್ಲಿ ದೂರುದಾರ ತಾರತಮ್ಯವನ್ನು ಊಹಿಸಬಹುದಾದಷ್ಟು ಸಂಗತಿಗಳನ್ನು ತೋರಿಸಿದರೆ, ಬೇರೆ ಕಾರಣವಿತ್ತೆಂದು ಸಾಬೀತುಪಡಿಸುವ ಹೊಣೆ ಮಾಲೀಕನಿಗೆ ಬರುತ್ತದೆ. ನಮ್ಮಲ್ಲೂ ಇಂಥದೊಂದು ಬೀಜ ಇದ್ದೇ ಇದೆ. ಅಪರಾಧವೆನಿಸುವ ಕೃತ್ಯ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದೆಂದು, ಬೇರೆ ರೀತಿ ಸಾಬೀತಾಗುವವರೆಗೆ, ನ್ಯಾಯಾಲಯ ಭಾವಿಸತಕ್ಕದ್ದು ಎಂದು 1955ರ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಪೊಲೀಸ್ ಠಾಣೆಯಲ್ಲಾಗಲಿ ನ್ಯಾಯಾಲಯದಲ್ಲಾಗಲಿ ಈ ಕಲಮಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಉದ್ದೇಶವನ್ನಲ್ಲ, ಪರಿಣಾಮವನ್ನು ನೋಡಿ ತಾರತಮ್ಯವನ್ನು ಗುರುತಿಸಬೇಕೆಂಬ ತತ್ವವನ್ನು ಸೇನೆಯ ಮಹಿಳಾ ಅಧಿಕಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 25ರಂದು ಒಪ್ಪಿಕೊಂಡಿದೆ. 2024ರ ಅಕ್ಟೋಬರ್ 3ರಂದು, ಅಡುಗೆ ಕೆಲಸವನ್ನು ಮೇಲ್ಜಾತಿಯ ಕೈದಿಗಳಿಗೂ ಕಸಗುಡಿಸುವುದನ್ನು ಕೆಳಜಾತಿಯವರಿಗೂ ಹಂಚುತ್ತಿದ್ದ ಜೈಲು ಕೈಪಿಡಿಗಳ ನಿಯಮಗಳನ್ನು ಅದು ಅಸಾಂವಿಧಾನಿಕವೆಂದು ಸಾರಿದೆ. ಜೈಲಿನ ಅಡುಗೆಮನೆಗೆ ಬಂದ ಈ ನ್ಯಾಯ ಶಾಲೆಯ ಅಡುಗೆಮನೆಗೆ, ಕಾರ್ಖಾನೆಯ ಕ್ಯಾಂಟೀನಿಗೆ ತಾನಾಗಿ ನಡೆದು ಬರುವುದಿಲ್ಲ. ಯಾರಾದರೂ ಒಂದು ಪ್ರಕರಣವನ್ನು ಅಲ್ಲಿಯವರೆಗೆ ಒಯ್ಯಬೇಕು.

ಒಯ್ಯುವ ದಾರಿಯಲ್ಲಿ ಏನೇನಿದೆ ಎಂದು ನೋಡಿದರೆ ಆ ಕೆಲಸವನ್ನು ಒಬ್ಬಂಟಿ ಕೆಲಸಗಾರನಿಗೆ ಬಿಡಬಾರದೆಂಬುದು ಸ್ಪಷ್ಟವಾಗುತ್ತದೆ. ಪೊಲೀಸರು ‘ಬಿ’ ರಿಪೋರ್ಟ್ ಹಾಕಿದರೆ ನ್ಯಾಯಾಲಯದಲ್ಲಿ ತಕರಾರು ಅರ್ಜಿ ಸಲ್ಲಿಸಲು ಅವಕಾಶವಿದೆ. ಅದು ಎಷ್ಟು ದೂರುದಾರರಿಗೆ ಗೊತ್ತು? ವಿಶೇಷ ನ್ಯಾಯಾಲಯ ಖುಲಾಸೆ ಮಾಡಿದರೆ ದೌರ್ಜನ್ಯ ತಡೆ ಕಾಯ್ದೆಯ 14ಎ ಕಲಮಿನಂತೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಅಲ್ಲಿ ವಾಸ್ತವಾಂಶವನ್ನೂ ಕಾನೂನನ್ನೂ ಪ್ರಶ್ನಿಸಬಹುದು. ಮೇಲ್ಮನವಿಯನ್ನು ಅಂಗೀಕರಿಸಿದ ಮೂರು ತಿಂಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ವಿಲೇವಾರಿ ಮಾಡಬೇಕೆಂಬ ಮಾತೂ ಅಲ್ಲಿದೆ. ಖುಲಾಸೆಯ ವಿರುದ್ಧ ಸಂತ್ರಸ್ತರೇ ಮೇಲ್ಮನವಿ ಸಲ್ಲಿಸುವ ಸಾಮಾನ್ಯ ಹಕ್ಕು 2009ರ ಕೊನೆಯಿಂದ ಜಾರಿಯಲ್ಲಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ಪರಿಶಿಷ್ಟರಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾಯ್ದೆ ಕೊಟ್ಟಿದೆ. ಕಾಗದದ ಮೇಲೆ ಎಲ್ಲವೂ ಇದೆ. ಮುಳಬಾಗಿಲಿನ ಹಳ್ಳಿಯಿಂದ ಬೆಂಗಳೂರಿನ ಹೈಕೋರ್ಟಿಗೆ ಸುಮಾರು ನೂರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿಬರಬೇಕಾದವರಿಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ದೃಢೀಕೃತ ತೀರ್ಪಿನ ಪ್ರತಿ ಕೈಸೇರುವಷ್ಟರಲ್ಲಿ 90 ದಿನಗಳಲ್ಲಿ ಎಷ್ಟೋ ಕಳೆದಿರುತ್ತವೆ.

ಇದಕ್ಕೆ ದೊಡ್ಡ ಪರಿಹಾರ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವ ಸಮಗ್ರ ಸಿವಿಲ್ ಕಾನೂನು. ಜೈಲಿಗೆ ಕಳುಹಿಸುವುದೊಂದೇ ದಾರಿಯಾಗಿರುವವರೆಗೆ ನ್ಯಾಯಾಲಯಗಳು ಸಂದೇಹಾತೀತ ಸಾಕ್ಷ್ಯವನ್ನೇ ಕೇಳುತ್ತವೆ, ಕೇಳಬೇಕು ಕೂಡ. ತಪ್ಪಿದ ಬಡ್ತಿಯನ್ನು, ಹೋದ ಕೆಲಸವನ್ನು ಮರಳಿ ಕೊಡಿಸಲು ಅಷ್ಟು ಭಾರದ ಸಾಕ್ಷ್ಯ ಬೇಕಿಲ್ಲ. ಸಾಚಾರ್ ಸಮಿತಿ 2006ರಲ್ಲಿ ಸಮಾನ ಅವಕಾಶ ಆಯೋಗವನ್ನು ಶಿಫಾರಸು ಮಾಡಿತು. ಮಾಧವ ಮೆನನ್ ಸಮಿತಿ 2008ರಲ್ಲಿ ಅದಕ್ಕೆ ಕರಡನ್ನೂ ಕೊಟ್ಟಿತು. ಆ ಕಡತದ ಮೇಲೆ ಕುಳಿತ ಧೂಳಿಗೆ ಈಗ ಹರೆಯ. ಕೇಂದ್ರ ಮಾಡುವವರೆಗೆ ಕಾಯಬೇಕಾದ್ದಿಲ್ಲ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯವೂ ಪ್ರಯತ್ನಿಸಬಹುದು.

ಅಷ್ಟರಲ್ಲಿ ಜಿಲ್ಲೆಯ ಮಟ್ಟದಲ್ಲೇ ಆಗಬಹುದಾದ ಕೆಲಸವೊಂದಿದೆ. ದೌರ್ಜನ್ಯ ತಡೆ ನಿಯಮಗಳಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ದಾಖಲಾದ ಪ್ರಕರಣಗಳ ಸ್ಥಿತಿಯನ್ನು ಜಿಲ್ಲಾಧಿಕಾರಿಯೂ ಅಭಿಯೋಜನೆಯ ಮುಖ್ಯಸ್ಥರೂ ಪರಿಶೀಲಿಸಿ ತಿಂಗಳ ವರದಿ ಕಳುಹಿಸಬೇಕು. ಆ ವರದಿಯಲ್ಲಿ ಖುಲಾಸೆಯಾದ, ರದ್ದಾದ, ‘ಬಿ’ ರಿಪೋರ್ಟ್ ಆದ ಪ್ರತಿ ಪ್ರಕರಣದ ಎದುರು ಒಂದು ಅಂಕಣವಿರಲಿ: ಮೇಲ್ಮನವಿ ಅಥವಾ ತಕರಾರು ಅರ್ಜಿ ಸಲ್ಲಿಕೆಯಾಯಿತೇ, ಇಲ್ಲವಾದರೆ ಯಾರ ಅಭಿಪ್ರಾಯದ ಮೇಲೆ, ಯಾವ ಕಾರಣಕ್ಕೆ ಕೈಬಿಡಲಾಯಿತು. ಕಾರಣದ ಪ್ರತಿ ದೂರುದಾರರಿಗೆ ಕನ್ನಡದಲ್ಲಿ ತಲುಪಲಿ, ಅದರ ಜೊತೆಗೇ ಕಾನೂನು ಸೇವಾ ಪ್ರಾಧಿಕಾರದ ವಿಳಾಸವೂ ಹೋಗಲಿ. ಉದ್ಯೋಗಕ್ಕೆ ಸಂಬಂಧಿಸಿದ ದೂರುಗಳನ್ನು ಪ್ರತ್ಯೇಕವಾಗಿ ಎಣಿಸಿದರೆ ಕಾರ್ಮಿಕ ಇಲಾಖೆಯ ಅಧಿಕಾರಿಯನ್ನೂ ಸಭೆಗೆ ಕರೆದು ಕೇಳಲು ಬರುತ್ತದೆ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಅನುದಾನ ಬೇಡ. ಕೋಲಾರದ ಜಿಲ್ಲಾಧಿಕಾರಿ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಬಹುದು. ಕಳೆದ 90 ದಿನಗಳಲ್ಲಿ ಖುಲಾಸೆಯಾದ ಪ್ರಕರಣಗಳ ಪಟ್ಟಿಯನ್ನು ತರಿಸಿಕೊಂಡು ಅಲ್ಲಿಂದಲೇ ಆರಂಭಿಸಬಹುದು. ಅವುಗಳ ಮಟ್ಟಿಗೆ ಹೈಕೋರ್ಟಿನ ಬಾಗಿಲು ಇನ್ನೂ ತೆರೆದೇ ಇದೆ.